ಕರಡಿಯವರ ಕಿವಿ ಪರೀಕ್ಷೆ

“ಇದುವರೆಗೆ ಇಯರ್‌ಫೋನ್ ಬಗ್ಗೆ ಬರೆದವರೆಲ್ಲ ಬರೀ ಕಿವಿ ಇಟ್ಕೊಂಡು ಬರೆದಿದ್ದಾರೆ ಮೇಡಂ. ನಾನು ತಲೆ ಇಟ್ಕೊಂಡು ಬರೀತೀನಿ,” ಎಂದು ಕರಡಿಯವರು ಬುಧವಾರ ಬೆಳಿಗ್ಗೆ ಪುರವಣಿ ಸಂಪಾದಕಿಯ ಮೇಜಿನ ಮುಂದೆ ನಿಂತು ಘೋಷಿಸಿದರು.

“ತಲೆ ಆಮೇಲಾಯ್ತು. ಶನಿವಾರ ರಾತ್ರಿಯೊಳಗೆ ನಾನೂರು ಪದ ಕೊಡಿ, ಸಾಕು,” ಎಂದ ಸಂಪಾದಕಿ ಒಂದು ರಟ್ಟಿನ ಡಬ್ಬವನ್ನು ಅವರತ್ತ ತಳ್ಳಿದರು.

ಕರಡಿ ಎಂಬುದು ತಂದೆ ತಾಯಿ ಇಟ್ಟ ಹೆಸರಲ್ಲ. ಇಪ್ಪತ್ತೆರಡು ವರ್ಷಗಳಿಂದ ಅದೇ ಪತ್ರಿಕೆಯಲ್ಲಿ ಅವರು ಕರಡು ತಿದ್ದುತ್ತಿದ್ದರು. ಕೊಂಬು ಕಿತ್ತು ಗುಡಿಸು ಕೊಟ್ಟರೆ ಕರಡು ಕರಡಿಯಾಗುತ್ತದೆ. ಕಚೇರಿಯವರು ಆ ಒಂದು ತಿದ್ದುಪಡಿ ಮಾಡಿ, ಎದುರಿಗಿದ್ದಾಗ ಮಾತ್ರ ಕೊನೆಗೆ ‘ಯವರೇ’ ಎಂದು ಗೌರವ ಸೇರಿಸುತ್ತಿದ್ದರು. ಇಷ್ಟು ವರ್ಷ ಬೇರೆಯವರ ಬರಹಕ್ಕೆ ಬೇಲಿ ಹಾಕಿದ ಕರಡಿಯವರ ಒಂದೇ ಒಂದು ಸಾಲು ಕೂಡ ಅಚ್ಚಾಗಿರಲಿಲ್ಲ. ಈಗ ಗ್ರಾಹಕರ ಅಂಕಣ ಬರೆಯುವಾತ ಕಿವಿಗೆ ವೈರು ಸಿಕ್ಕಿಸಿಕೊಂಡೇ ಮೆಟ್ಟಿಲಿಳಿದು ಕಾಲು ಉಳುಕಿಸಿಕೊಂಡಿದ್ದರಿಂದ ಆ ವಾರದ ಅಂಕಣ ಇವರ ಪಾಲಿಗೆ ಬಂದಿತ್ತು. ಡಬ್ಬದಲ್ಲಿದ್ದವು ಐದು ಜೋಡಿ ಅಗ್ಗದ ಇಯರ್‌ಫೋನ್. ಎಲ್ಲವೂ ವೈರಿನವು.

ಕರಡಿಯವರ ಮನೆಯ ಮುಂದಿನ ಕೋಣೆ ಅವರ ಹೆಂಡತಿಯದು. ಆಕೆ ದರ್ಜಿ. ಕಿಟಕಿಯ ಕೆಳಗೆ ಆಕೆಯ ಹೊಲಿಗೆ ಮಿಷನ್. ಕಾಲಿನಿಂದ ತುಳಿಯುವಂಥದ್ದು, ಕಪ್ಪು ಮೈ, ಮೈಮೇಲಿನ ಚಿನ್ನದ ಬಣ್ಣದ ಬಳ್ಳಿ ಅರ್ಧಕ್ಕರ್ಧ ಅಳಿಸಿಹೋಗಿದೆ. ಮದುವೆಯಾದ ವರ್ಷವೇ ಕೊಂಡದ್ದು. ಹಾಗಾಗಿ ಆ ಮನೆಯಲ್ಲಿ ಗಂಡ ಮತ್ತು ಮಿಷನ್ ಒಂದೇ ವಯಸ್ಸಿನವರು, ಹದಿನೆಂಟು ವರ್ಷ. ಆ ವಾರ ಕೋಣೆಯ ತುಂಬ ಬಿಳಿ ಬಟ್ಟೆ ಹರಡಿತ್ತು. ಆಸ್ಪತ್ರೆಯ ದಾದಿಯರಿಗೆ ನಲವತ್ತು ಕೋಟು, ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ತಲುಪಬೇಕು. ತಲುಪಿದರೆ ಆಸ್ಪತ್ರೆಯ ವರ್ಷವಿಡೀ ಕೆಲಸ ಆಕೆಗೆ. ತಪ್ಪಿದರೆ ಎದುರು ಬೀದಿಯ ದರ್ಜಿಗೆ.

“ಏನ್ರೀ ಅದು, ಇಷ್ಟೊಂದು ಲಾಡಿ?” ಎಂದಳು ಆಕೆ, ಡಬ್ಬದೊಳಗೆ ಇಣುಕಿ.

“ಲಾಡಿ ಅಲ್ಲ. ಇಯರ್‌ಫೋನ್. ಪರೀಕ್ಷೆ ಮಾಡಿ ತೀರ್ಪು ಕೊಡ್ಬೇಕು.”

“ಯಾರು, ನೀವಾ? ನಿನ್ನೆ ಗುಂಡಿ ತನ್ನಿ ಅಂತ ನಾಲ್ಕು ಸಲ ಹೇಳಿದೆ. ಕೇಳಿಸ್ತಾ ನಿಮ್ಗೆ?”

“ಕೇಳಿಸ್ತು. ಹೋಗಿದ್ದೆನಲ್ಲ.”

ಹೋಗಿದ್ದು ನಿಜ. ಗುಂಡಿಯ ಅಂಗಡಿ ಇರುವುದು ನಾಲ್ಕನೇ ಬಾಗಿಲು. ಆದರೆ ಕರಡಿಯವರು ಬೀದಿಯಲ್ಲಿ ನಡೆಯುವುದು ಕಾಲಿನಿಂದಲ್ಲ, ಕಣ್ಣಿನಿಂದ. ಒಂದು ಬೋರ್ಡಿನಲ್ಲಿ ದೀರ್ಘ ಬಿಟ್ಟಿರುತ್ತಾರೆ, ಮುಂದಿನದರಲ್ಲಿ ಒತ್ತು ಹೆಚ್ಚಾಗಿರುತ್ತದೆ. ಹೀಗೆ ತಪ್ಪಿನಿಂದ ತಪ್ಪಿಗೆ ಹೆಜ್ಜೆಯಿಡುತ್ತ ಅವರು ಮೂರು ಬೀದಿ ಆಚೆ, ಒಂದು ಹಲ್ಲಿನ ದವಾಖಾನೆಯ ಮುಂದೆ ತೇಲಿದ್ದರು. ಗುಂಡಿ ಬಿಟ್ಟು ಹಲ್ಲುಜ್ಜುವ ಕ್ರಮದ ಕರಪತ್ರ ತಂದಿದ್ದರು. ಅದರಲ್ಲಿ ಹನ್ನೊಂದು ತಪ್ಪುಗಳಿದ್ದವು.

ಸಂಜೆಯೇ ಪರೀಕ್ಷೆ ಶುರುವಾಯಿತು. ಹೆಸರುಗಳನ್ನು ನೆನಪಿಡುವ ಗೋಜು ಬೇಡವೆಂದು ಕರಡಿಯವರು ಬಣ್ಣದ ಮೇಲೆ ಕರೆದರು: ಕರಿಯ, ಬಿಳಿಯ, ಕೆಂಪ, ನೀಲಿ, ಹಸಿರು. ಹಸಿರನ್ನು ಪೊಟ್ಟಣ ಬಿಚ್ಚುವ ಮೊದಲೇ ಅನುತ್ತೀರ್ಣಗೊಳಿಸಿದರು. ಪೊಟ್ಟಣದ ಮೇಲೆ ದಪ್ಪ ಅಕ್ಷರದಲ್ಲಿ ‘ಸ್ಪಷ್ಟ ಶಬ್ಧ’ ಎಂದು ಅಚ್ಚಾಗಿತ್ತು.

“ಶಬ್ದ ಅಂತ ಬರೆಯೋಕೆ ಬರದೋನು ಶಬ್ದ ಏನು ಕೇಳಿಸ್ತಾನೆ? ಅಲ್ಪಪ್ರಾಣಕ್ಕೂ ಮಹಾಪ್ರಾಣಕ್ಕೂ ವ್ಯತ್ಯಾಸ ಗೊತ್ತಿಲ್ಲದೋನು,” ಎಂದು ಅದನ್ನು ಮೂಲೆಗೆಸೆದರು.

“ಕಿವಿಗೆ ಹಾಕ್ಕೊಳ್ಳೋದನ್ನ ಕಣ್ಣಲ್ಲೇ ಪರೀಕ್ಷೆ ಮಾಡಿದ್ರಲ್ಲ,” ಎಂದಳು ಹೆಂಡತಿ.

ಉಳಿದ ನಾಲ್ಕಕ್ಕೆ ಮೊದಲು ದೇಹದಾರ್ಢ್ಯದ ಪರೀಕ್ಷೆ. ವೈರಿಗೆ ದೊಡ್ಡ ಕತ್ತರಿಯನ್ನು ಕಟ್ಟಿ ಬಾಗಿಲ ಚಿಲಕಕ್ಕೆ ತೂಗುಹಾಕಿದರು. ಪ್ಯಾಂಟಿನ ಜೇಬಿನಲ್ಲಿ ತುರುಕಿಕೊಂಡು ಮನೆ ಸುತ್ತ ಹತ್ತು ಸುತ್ತು ಹಾಕಿ, ಗಂಟು ಬಿಡಿಸಲು ಎಷ್ಟು ಹೊತ್ತು ಹಿಡಿಯಿತೆಂದು ಬರೆದುಕೊಂಡರು. ಕೆಂಪನನ್ನು ಬಿಡಿಸಲು ಇಪ್ಪತ್ತು ನಿಮಿಷ ಬೇಕಾಯಿತು, ಅದೂ ಹೆಂಡತಿಯ ಉಗುರಿನಿಂದ. ನೀಲಿಯನ್ನು ಕಿವಿಯಿಂದ ತೆಗೆದಾಗ ವೈರು ಬಂತು, ತುದಿಯ ರಬ್ಬರು ಟೋಪಿ ಬರಲಿಲ್ಲ. ಅದು ಕಿವಿಯೊಳಗೇ ಬಾಡಿಗೆಗೆ ಕೂತಿತು.

ಹೆಂಡತಿ ದಾರ ಕೀಳುವ ಚಿಮಟ ತಂದಳು. “ಅಲ್ಲಾಡ್ಬೇಡಿ. ಬಟ್ಟೆ ಆಗಿದ್ರೆ ಪಿನ್ ಚುಚ್ಚಿ ಕೂರಿಸ್ತಿದ್ದೆ.”

“ನಿಧಾನ ಕಣೇ, ಒಳಗೆ ಮಿದುಳಿದೆ.”

“ಅಷ್ಟು ದೂರ ಹೋಗಲ್ಲ ಬಿಡಿ. ಸಿಕ್ತು. ಇಷ್ಟು ಸುಲಭವಾಗಿ ಒಳಗೆ ಹೋಗಿದ್ದು ಇದೊಂದೇ. ನಾನು ಹೇಳಿದ್ದು ಯಾವುದೂ ಹೋಗಲ್ಲ.”

ಇನ್ನು ದನಿಯ ಪರೀಕ್ಷೆ. ಇಲ್ಲೇ ಕರಡಿಯವರು ತಮ್ಮ ತಲೆಯನ್ನು ಪೂರ್ತಿಯಾಗಿ ಬಳಸಿದ್ದು. ಹಾಡು ಹಾಕಿ ಕೇಳುವುದು ದಡ್ಡತನ. ಹಾಡಿದವರ ಗಂಟಲು ನಿಜಕ್ಕೂ ಹೇಗಿತ್ತೆಂದು ಕೇಳುವವನಿಗೆ ಗೊತ್ತಿರುವುದಿಲ್ಲ. ಅದು ಮೂಲ ಪ್ರತಿ ಕೈಯಲ್ಲಿಲ್ಲದೆ ಕರಡು ತಿದ್ದಿದಂತೆ. ಆದರೆ ತನ್ನ ಮನೆಯ ಸದ್ದು ತನಗೆ ಗೊತ್ತು. ಗೋಡೆ ಗಡಿಯಾರ, ತೊಟ್ಟಿಕ್ಕುವ ನಲ್ಲಿ, ಕಿರುಗುಟ್ಟುವ ಕುರ್ಚಿ, ಮುಂದಿನ ಕೋಣೆಯ ಹೊಲಿಗೆ ಮಿಷನ್. ಇವೇ ಮೂಲ ಪ್ರತಿ.

ಗುರುವಾರ ಬೆಳಿಗ್ಗೆ ಅವರು ಊಟದ ಮೇಜಿನ ಮೇಲೆ ಫೋನಿಟ್ಟು, ಉಸಿರು ಬಿಗಿಹಿಡಿದು ಕೂತು, ಸರಿಯಾಗಿ ಹತ್ತು ನಿಮಿಷ ಮನೆಯ ಸದ್ದನ್ನು ಮುದ್ರಿಸಿದರು. ಗಡಿಯಾರದ ಮುಳ್ಳು ನೋಡಿಕೊಂಡೇ ನಿಲ್ಲಿಸಿದರು, ಒಂದು ಕ್ಷಣ ಹೆಚ್ಚಿಲ್ಲ, ಕಡಿಮೆಯಿಲ್ಲ. ಕೊನೆಯ ಎರಡು ನಿಮಿಷ ಮುಂದಿನ ಕೋಣೆಯಲ್ಲಿ ಹೆಂಡತಿ ಹೆಗಲಿಗೂ ಕಿವಿಗೂ ನಡುವೆ ಫೋನು ಒತ್ತಿಕೊಂಡು ತಂಗಿಯ ಜೊತೆ ಮಾತಾಡುತ್ತಿದ್ದಳು. ಒಂದು ಮಾತು, ಹಿಂದೆಯೇ ಒಂದಷ್ಟು ಹೊಲಿಗೆ. ಮತ್ತೊಂದು ಮಾತು, ಮತ್ತಷ್ಟು ಹೊಲಿಗೆ. ಕೂತಲ್ಲಿಂದ ಏನೂ ಅರ್ಥವಾಗಲಿಲ್ಲ. ಇರಲಿ, ಮಾನವ ಧ್ವನಿಯೂ ಬೇಕಲ್ಲ ಎಂದುಕೊಂಡರು.

ಕರಿಯನಲ್ಲಿ ಇಡೀ ಮನೆ ಕೊಡದೊಳಗೆ ಬಿದ್ದಂತೆ ಕೇಳಿಸಿತು. ಹೆಂಡತಿಯ ಮಾತಿನಲ್ಲಿ ದಕ್ಕಿದ್ದು ‘ಹದಿನೆಂಟು ವರ್ಷ’ ಎಂಬುದೊಂದೇ. ಬಿಳಿಯನಲ್ಲಿ ನಲ್ಲಿ ತೊಟ್ಟಿಕ್ಕಿದರೆ ಸೂಜಿ ಚುಚ್ಚಿದಂತಾಗುತ್ತಿತ್ತು, ಆದರೆ ‘ಗೊರಗೊರ’ ಎಂಬ ಮಾತು ಹೊಸದಾಗಿ ಸಿಕ್ಕಿತು. ಕರಡಿಯವರ ಕಿವಿ ನಿಮಿರಿತು. ಗೊರಗೊರ ಯಾವುದು? ಹದಿನೆಂಟು ವರ್ಷದಿಂದ ಗೊರಗೊರ ಎನ್ನುತ್ತಿರುವುದು ಯಾವುದು? ಕೆಂಪನನ್ನು ಹಾಕಿದರು, ನೀಲಿಯನ್ನು ಹಾಕಿದರು, ಮತ್ತೆ ಬಿಳಿಯನಿಗೆ ಬಂದರು. ಗಡಿಯಾರ, ನಲ್ಲಿ, ಕುರ್ಚಿಗಳೆಲ್ಲ ಮರೆತುಹೋದವು. ಕಚೇರಿಯಿಂದ ತಂದ ಉದ್ದನೆಯ ಹಾಳೆಯ ಮೇಲೆ ಹೆಂಡತಿಯ ಮಾತನ್ನು ಅಕ್ಷರಕ್ಕೆ ಅಕ್ಷರ ಜೋಡಿಸತೊಡಗಿದರು. ಶುಕ್ರವಾರ ಸಂಜೆಯ ಹೊತ್ತಿಗೆ ನಾಲ್ಕೂ ಇಯರ್‌ಫೋನ್ ಸೇರಿ ಕೊಟ್ಟದ್ದು ಇಷ್ಟು:

‘ಹದಿನೆಂಟು ವರ್ಷ ಆಯ್ತು ಕಣೇ. ಶುರುವಾದ್ರೆ ಒಂದೇ ಸಮ ಗೊರಗೊರ ಸದ್ದು ಮಾಡ್… ಎಣ್ಣೆ ಹ…ದ್ರೂ ಅಷ್ಟೇ. ನಾಲ್ಕು ಹ… ಹೋಗೋದ್ರೊಳಗೆ ದಾರ… ತಪ್… … ಬದಲಾಯಿಸೋ ಮನಸ್ಸ…’

ಪ್ರತಿ ಮಾತಿನ ಬಾಲದ ಮೇಲೂ ಮಿಷನ್ ಓಡಿತ್ತು. ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ಕೈಬಿಡುತ್ತಿದ್ದರು. ಆದರೆ ಬಿಟ್ಟುಹೋದ ಅಕ್ಷರ ತುಂಬುವುದೇ ಕರಡಿಯವರ ಹೊಟ್ಟೆಪಾಡು. ಅವರು ಕೆಂಪು ಪೆನ್ನು ತೆಗೆದರು. ಹದಿನೆಂಟು ವರ್ಷ ಹಳೆಯದು, ಗೊರಗೊರ ಎನ್ನುವುದು, ಎಣ್ಣೆ ಬೇಡುವುದು, ದಾರ ತಪ್ಪುವುದು ಈ ಮನೆಯಲ್ಲಿ ಇನ್ನಾವುದಿದೆ? ಹತ್ತೇ ನಿಮಿಷದಲ್ಲಿ ಪ್ರತಿ ಸಿದ್ಧವಾಯಿತು: ‘ಗೊರಗೊರ ಸದ್ದು ಮಾಡುತ್ತೆ. ಎಣ್ಣೆ ಹಾಕಿದ್ರೂ ಅಷ್ಟೇ. ನಾಲ್ಕು ಹೊಲಿಗೆ ಹೋಗೋದ್ರೊಳಗೆ ದಾರ ತಪ್ಪುತ್ತೆ. ಬೇಗ ಬದಲಾಯಿಸೋ ಮನಸ್ಸಾಗಿದೆ.’

ಕರಡಿಯವರ ಕಣ್ಣು ತೇವವಾಯಿತು. ಪಾಪ, ಹಳೇ ಮಿಷನ್ನಿನ ಜೊತೆ ಒದ್ದಾಡುತ್ತಿದ್ದಾಳೆ. ತಂಗಿಗೆ ಹೇಳಿಕೊಂಡಳೇ ಹೊರತು ಗಂಡನಿಗೆ ಒಂದು ಮಾತು ಹೇಳಲಿಲ್ಲ. ಆ ರಾತ್ರಿ ಆಕೆ ಎಂದಿನಂತೆ ಸಣ್ಣ ಶೀಶೆಯಿಂದ ಎಣ್ಣೆ ತೆಗೆದು ಅವರ ಮೂಗಿಗೆ ಹಚ್ಚಿದಾಗ, ಅದು ನೆಗಡಿಗೆಂದು ಬಹುಕಾಲದಿಂದ ನಂಬಿದ್ದ ಕರಡಿಯವರು ಮನಸ್ಸಿನಲ್ಲೇ ನಿರ್ಧಾರ ಮಾಡಿ ಸುಖವಾಗಿ ನಿದ್ದೆ ಹೋದರು. ಬೇಗನೆ ಸದ್ದೂ ಶುರುವಾಯಿತು.

ಶನಿವಾರ ಬೆಳಿಗ್ಗೆ ಹೆಂಡತಿ, “ಗುಂಡಿ ನಾನೇ ತರ್ತೀನಿ. ನಿಮ್ಮನ್ನ ಕಳಿಸಿದ್ರೆ ಸೋಮವಾರ ನಿಮ್ಮನ್ನ ಹುಡುಕೋಕೆ ಹೋಗ್ಬೇಕಾಗುತ್ತೆ. ಇನ್ನು ಹದಿನಾಲ್ಕು ಕೋಟು ಬಾಕಿ,” ಎಂದು ಹೊರಟಳು. ಆಕೆ ತಿರುವು ದಾಟಿದ್ದೇ ತಡ, ಕರಡಿಯವರು ಬಾಡಿಗೆ ಗಾಡಿ ಕರೆಸಿ ಮಿಷನ್ ಹೇರಿಸಿದರು. ಹೊಲಿಗೆ ಮಿಷನ್ನಿನ ಅಂಗಡಿ ಎರಡು ಬೀದಿ ದೂರ. ದಾರಿ ತೋರಿಸುತ್ತಿದ್ದವರು ಕರಡಿಯವರಾದ್ದರಿಂದ ಗಾಡಿ ಐದು ಬೀದಿ ಸುತ್ತಿತು.

ಅಂಗಡಿಯಾತ ಹಳೇ ಮಿಷನ್ನಿನ ಚಕ್ರವನ್ನು ಒಂದು ಬೆರಳಲ್ಲಿ ತಿರುಗಿಸಿದ. ಅದು ಬೆಣ್ಣೆಯಲ್ಲಿ ಕತ್ತಿ ಆಡಿದಂತೆ ತಿರುಗಿತು.

“ಸಾರ್, ಯೋಚನೆ ಮಾಡಿ ಕೊಡ್ತಿದ್ದೀರಾ? ಇಂಥಾದ್ದು ಈಗ ಬರಲ್ಲ.”

“ನನ್ನ ಹೆಂಡ್ತಿ ಮನಸ್ಸು ನನಗೆ ಗೊತ್ತಪ್ಪ. ಅಕ್ಷರಕ್ಕೆ ಅಕ್ಷರ ಕೇಳಿಸ್ಕೊಂಡಿದ್ದೀನಿ.”

“ಪುಣ್ಯವಂತರು ಬಿಡಿ ಅಮ್ಮಾವ್ರು. ನಂಗೆ ನನ್ನ ಹೆಂಡ್ತಿ ಎದುರಿಗೆ ನಿಂತು ಕೂಗಿದ್ರೂ ಕೇಳಿಸಲ್ಲ.”

ಹಳೆಯದನ್ನು ಕೊಟ್ಟು ಹೊಸದು ತಂದದ್ದಾಯಿತು. ಬಿಳಿ ಮೈ, ಸಣ್ಣ ಪರದೆ, ಕರೆಂಟಿನಲ್ಲಿ ಓಡುವುದು, ಅರವತ್ತು ನಮೂನೆಯ ಹೊಲಿಗೆ. ಹೆಂಡತಿ ಬರುವುದರೊಳಗೆ ಒಂದು ಕೋಟಾದರೂ ಮುಗಿದಿದ್ದರೆ ಎಷ್ಟು ಚೆನ್ನ ಎಂದು ಕರಡಿಯವರಿಗೆ ಅನ್ನಿಸಿತು. ಜೇಬಿನ ಪಟ್ಟಿಯನ್ನು ಸೂಜಿಯ ಕೆಳಗಿಟ್ಟು, ಕಣ್ಣಿಗೆ ಕಂಡ ಗುಂಡಿಯೊಂದನ್ನು ಒತ್ತಿದರು. ಮಿಷನ್ ಕುಂಯ್ ಎಂದು ಹೊರಟಿತು. ನಿಲ್ಲಿಸುವ ಗುಂಡಿ ಸಿಗುವಷ್ಟರಲ್ಲಿ ದಾದಿಯ ಎದೆಯ ಜೇಬಿನ ಮೇಲೆ ಏಳು ಬಾತುಕೋಳಿಗಳು ಸಾಲಾಗಿ ನಡೆದುಹೋಗುತ್ತಿದ್ದವು. ಎಂಟನೆಯದಕ್ಕೆ ಕೊಕ್ಕು ಮಾತ್ರ ಮೂಡಿತ್ತು.

ಹೆಂಡತಿ ಬಂದಳು. ಕಿಟಕಿಯ ಕೆಳಗೆ ನೋಡಿದಳು. ಕೈಯ ಪೊಟ್ಟಣ ಜಾರಿ ಗುಂಡಿಗಳೆಲ್ಲ ನೆಲದ ಮೇಲೆ ಓಡಾಡಿದವು.

“ನನ್ನ ಮಿಷನ್ ಎಲ್ಲಿ?”

“ಇದೇ ಇನ್ಮೇಲೆ ನಿನ್ನ ಮಿಷನ್.”

“ಇದಲ್ಲ. ನನ್ನದು.”

“ಅದನ್ನ ಕೊಟ್ಬಿಟ್ಟೆ. ನೀನು ಹೇಳದೆ ಇದ್ರೂ ನಿನ್ನ ಮನಸ್ಸಿನ ಮಾತು ನನಗೆ ಕೇಳಿಸ್ತು,” ಎಂದು ಕರಡಿಯವರು ಮುಗುಳ್ನಕ್ಕರು. ಆ ನಗು ಎದುರಿನ ಮುಖ ನೋಡಿ ಅರ್ಧಕ್ಕೆ ನಿಂತಿತು.

“ನಾಡಿದ್ದು ಬೆಳಿಗ್ಗೆ ಒಂಬತ್ತಕ್ಕೆ ಕೋಟು ಹೋಗ್ಬೇಕು. ಇದಕ್ಕೆ ದಾರ ಎಲ್ಲಿ ಪೋಣಿಸೋದು ಅಂತಾನೂ ನನಗೆ ಗೊತ್ತಿಲ್ಲ. ಬಾತುಕೋಳಿ ಬೇರೆ ಹೊಲಿದಿದ್ದೀರಿ. ಯಾವತ್ತು ಹೇಳಿದೆ ನಾನು, ಮಿಷನ್ ಕೊಡಿ ಅಂತ?”

ಕರಡಿಯವರು ಹಾಳೆ ಮುಂದಿಟ್ಟರು. ಕಪ್ಪು ಶಾಯಿಯಲ್ಲಿ ಕೇಳಿಸಿದ್ದು, ಕೆಂಪು ಶಾಯಿಯಲ್ಲಿ ತುಂಬಿಸಿದ್ದು. ಆಕೆ ಓದಿದಳು, ಇನ್ನೊಮ್ಮೆ ಓದಿದಳು. ತುಟಿಯ ಮೂಲೆ ಒಂದಿಷ್ಟು ಅಲ್ಲಾಡಿತು, ಕೂಡಲೇ ಬಿಗಿಯಾಯಿತು.

“ಇದನ್ನ ಯಾವುದರಲ್ಲಿ ಕೇಳಿದ್ರಿ?”

“ನಾಲ್ಕರಲ್ಲೂ.”

“ಐದನೇದು?”

“ಅದು ಶಬ್ಧ ಅಂತ…”

“ತನ್ನಿ ಇಲ್ಲಿ.”

ಹಸಿರಿನ ಪೊಟ್ಟಣವನ್ನು ಆಕೆ ಹಲ್ಲಿನಿಂದಲೇ ಹರಿದಳು. ಒಂದು ತುದಿ ತನ್ನ ಕಿವಿಗೆ, ಇನ್ನೊಂದು ಗಂಡನ ಕಿವಿಗೆ. ವೈರು ಗಿಡ್ಡ; ಇಬ್ಬರೂ ತಲೆಗೆ ತಲೆ ತಾಗಿಸಿ, ಒಂದೇ ಸ್ಟೂಲಿನ ಮೇಲೆ ಅರ್ಧರ್ಧ ಕೂತರು. ಗಡಿಯಾರ ಗೋಡೆಯ ಮೇಲಿದ್ದಂತೆ ಕೇಳಿಸಿತು, ನಲ್ಲಿ ಅಡುಗೆಮನೆಯಲ್ಲಿದ್ದಂತೆ. ಮಿಷನ್ ತನ್ನ ಪಾಡಿಗೆ ಹಿಂದೆ ಓಡುತ್ತಿತ್ತು, ಮಾತು ತನ್ನ ಪಾಡಿಗೆ ಮುಂದೆ. ಒಂದನ್ನೊಂದು ತುಳಿಯಲಿಲ್ಲ.

‘ಹದಿನೆಂಟು ವರ್ಷ ಆಯ್ತು ಕಣೇ. ಶುರುವಾದ್ರೆ ಒಂದೇ ಸಮ ಗೊರಗೊರ ಸದ್ದು ಮಾಡ್ತಾರೆ.’

ಕರಡಿಯವರು ಬೆಚ್ಚಿದರು. ಮಾಡ್ತಾರೆ. ಮಾಡುತ್ತೆ ಅಲ್ಲ, ಮಾಡ್ತಾರೆ. ಹೆಂಡತಿ ಮಿಷನ್ನಿಗೆ ಇಷ್ಟೊಂದು ಗೌರವ ಕೊಟ್ಟು ಮಾತಾಡಿದ್ದನ್ನು ಅವರು ಎಂದೂ ಕೇಳಿರಲಿಲ್ಲ.

‘ಎಣ್ಣೆ ಹಚ್ಚಿದ್ರೂ ಅಷ್ಟೇ.’

ಅವರ ಕೈ ತಾನಾಗಿ ಮೂಗಿಗೆ ಹೋಯಿತು.

‘ನಾಲ್ಕು ಹೆಜ್ಜೆ ಹೋಗೋದ್ರೊಳಗೆ ದಾರಿ ತಪ್ತಾರೆ.’

ದಾರ ಅಲ್ಲ, ದಾರಿ. ಇಪ್ಪತ್ತೆರಡು ವರ್ಷ ಬೇರೆಯವರ ಗುಡಿಸು ಹಿಡಿದು ಬದುಕಿದವರು, ಸ್ವಂತ ಮನೆಯಲ್ಲಿ ಒಂದು ಗುಡಿಸು ಬಿಟ್ಟು ಎಡವಿ ಬಿದ್ದಿದ್ದರು. ಒಂದು ಮಹಾಪ್ರಾಣ ಹೆಚ್ಚಾಯಿತೆಂದು ಮೂಲೆಗೆಸೆದ ಇಯರ್‌ಫೋನು ಈಗ ಅವರ ಪ್ರಾಣ ತೆಗೆಯುತ್ತಿತ್ತು. ಕೊನೆಯ ಸಾಲು ಬರುವಾಗ ಕರಡಿಯವರು ಕಣ್ಣು ಮುಚ್ಚಿಕೊಂಡರು.

‘ಆದ್ರೂ ಬದಲಾಯಿಸೋ ಮನಸ್ಸಿಲ್ಲ.’

ಅಲ್ಲಿಗೆ ಹತ್ತು ನಿಮಿಷ ಮುಗಿದಿತ್ತು.

“ಮನಸ್ಸಿಲ್ಲ ಅಂದೆ,” ಎಂದರು ಕರಡಿಯವರು ಮೆಲ್ಲಗೆ.

“ಅದು ಗುರುವಾರ ಅಂದಿದ್ದು,” ಎಂದಳು ಹೆಂಡತಿ. “ಏಳಿ. ಅಂಗಡಿ ಮುಚ್ಚೋದ್ರೊಳಗೆ ಹೋಗ್ಬೇಕು. ದಾರಿ ನಾನು ತೋರಿಸ್ತೀನಿ.”

ಹೊಸ ಮಿಷನ್ ಗಾಡಿಯೇರಿತು. ಅಂಗಡಿಯಲ್ಲಿ ಇನ್ನೊಂದು ಆಪತ್ತು ಕಾದಿತ್ತು. ಹಳೇ ಮಿಷನ್ನಿನ ಮುಂದೆ ಅಂಗಡಿಯಾತನ ಹೆಂಡತಿ ಕೂತು ಪರದೆಯೊಂದನ್ನು ಹೊಲಿಯುತ್ತಿದ್ದಳು, ಮುಖದಲ್ಲಿ ಹೊಸದಾಗಿ ಮನೆ ಕೊಂಡವರ ಕಳೆ.

“ವಾಪಸ್ ಕೊಡೋಕೆ ನನಗೇನೂ ಅಡ್ಡಿಯಿಲ್ಲ ಸಾರ್,” ಎಂದು ಅಂಗಡಿಯಾತ ಪಿಸುಗುಟ್ಟಿದ. “ಆದ್ರೆ ಇವಳನ್ನ ಎಬ್ಬಿಸೋ ಧೈರ್ಯ ನನಗಿಲ್ಲ. ನೀವೇ ಕೇಳಿ.”

ಕರಡಿಯವರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹೆಂಡತಿಯೇ ಮುಂದೆ ಹೋದಳು.

“ಅಕ್ಕಾ, ಅದು ನನ್ನದು. ನನ್ನ ಕೇಳದೆ ಇವರು ತಂದು ಕೊಟ್ಬಿಟ್ಟಿದ್ದಾರೆ. ನಾಡಿದ್ದಕ್ಕೆ ಹದಿನಾಲ್ಕು ಕೋಟು ಆಗ್ಬೇಕು.”

ಅಂಗಡಿಯಾತನ ಹೆಂಡತಿಯ ಕಾಲು ನಿಂತಿತು. “ಕೇಳದೆ ಕೊಟ್ರಾ? ಯಾಕೆ?”

“ನಾನು ಹೇಳಿದ್ದು ಕೇಳಿಸ್ತಂತೆ.”

“ಅಯ್ಯೋ, ನಮ್ಮನೆಯವರಿಗೆ ಕೇಳಿಸೋದೇ ಇಲ್ಲ, ಅದೇ ವಾಸಿ ಹಾಗಾದ್ರೆ. ಎದ್ದೆ ಕಣಮ್ಮ. ಆದ್ರೆ ಒಂದು ಷರತ್ತು. ಅವರಿಗೆ ಏನು ಕೇಳಿಸ್ತು ಅನ್ನೋದು ನನಗೂ ಕೇಳಿಸ್ಬೇಕು.”

ಹಸಿರು ಇಯರ್‌ಫೋನು ಜೇಬಿನಿಂದ ಹೊರಬಂತು. ಹೆಂಗಸರಿಬ್ಬರೂ ಒಂದೊಂದು ತುದಿ ಸಿಕ್ಕಿಸಿಕೊಂಡು ತಲೆಗೆ ತಲೆ ಸೇರಿಸಿದರು. ಅತ್ತ ಗಂಡಸರಿಬ್ಬರು ಹಳೇ ಮಿಷನ್ನಿನ ಎರಡು ಬದಿ ಹಿಡಿದು ಎತ್ತಿ, ಗಾಡಿಯವನಿಗಾಗಿ ಕಾಯುತ್ತ ನಿಂತರು. ಮೊದಲು ಅಂಗಡಿಯಾತನ ಹೆಂಡತಿಯ ಹೆಗಲು ಕುಣಿಯಿತು, ಆಮೇಲೆ ಕರಡಿಯವರ ಹೆಂಡತಿಯದು. ಗೊರಗೊರದ ಹತ್ತಿರ ಇಬ್ಬರೂ ಗೋಡೆ ಹಿಡಿದುಕೊಂಡರು. ‘ಎಣ್ಣೆ’ ಬಂದಾಗ ಕೆಳಗೇ ಕೂತರು.

“ಏನ್ ಸಾರ್ ಅದು?” ಎಂದ ಅಂಗಡಿಯಾತ, ಭಾರಕ್ಕೆ ಬೆವರುತ್ತ.

“ವ್ಯಾಕರಣ,” ಎಂದರು ಕರಡಿಯವರು.

ಅಂದು ರಾತ್ರಿಯೇ ಅಂಕಣ ಸಂಪಾದಕಿಯ ಕೈ ಸೇರಿತು. ನಾನೂರು ಪದವಿಲ್ಲ, ನೂರ ಎಂಬತ್ತೇ ಇತ್ತು. ಕರಿಯ ಕೊಡದಂತೆ, ಬಿಳಿಯ ಸೂಜಿಯಂತೆ, ಕೆಂಪ ಬರೀ ಗಂಟು, ನೀಲಿ ಕಿವಿ ಬಿಟ್ಟು ಬರುವುದಿಲ್ಲ. ಹಸಿರಿನಲ್ಲಿ ವಾಕ್ಯದ ಕೊನೆಯ ಅಕ್ಷರವೂ ಕೇಳಿಸುತ್ತದೆ, ಆದ್ದರಿಂದ ವಿವಾಹಿತರು ಯೋಚಿಸಿ ಕೊಳ್ಳಬೇಕು. ಪೊಟ್ಟಣದ ಮೇಲಿನ ಕಾಗುಣಿತದ ಬಗ್ಗೆ ಒಂದು ಮಾತೂ ಇರಲಿಲ್ಲ. ಕಚೇರಿಯವರಿಗೆ ಅದೇ ದೊಡ್ಡ ಆಶ್ಚರ್ಯ.

ಭಾನುವಾರವಿಡೀ ಹಳೇ ಮಿಷನ್ ಕಿಟಕಿಯ ಕೆಳಗೆ ಓಡಿತು. ಬಾತುಕೋಳಿಯ ಕೋಟನ್ನು ಬಿಚ್ಚಲು ಹೊತ್ತಿಲ್ಲವೆಂದು ಹೆಂಡತಿ ಎಂಟನೆಯ ಕೊಕ್ಕಿಗೂ ಒಂದು ಮೈ ಹೊಲಿದು, ಮಕ್ಕಳ ವಾರ್ಡಿಗೆ ಎಂದು ಚೀಟಿ ಅಂಟಿಸಿದಳು. ಕರಡಿಯವರಿಗೆ ಗುಂಡಿ ಹಚ್ಚುವ ಶಿಕ್ಷೆ. ಕೋಟಿಗೆ ಐದರಂತೆ ಹಚ್ಚುತ್ತ, ನಡುನಡುವೆ ಬೆರಳು ಚುಚ್ಚಿಕೊಳ್ಳುತ್ತ ಅವರು ನೆಲದ ಮೇಲೆ ಕೂತಿದ್ದರು. ಸಂಜೆ ನಲವತ್ತನೆಯ ಕೋಟು ಮಿಷನ್ನಿನಿಂದ ಕೆಳಗಿಳಿಯಿತು. ಹೆಂಡತಿಯ ಮುಖದಲ್ಲಿ ಮೂರು ದಿನಕ್ಕೆ ಮೊದಲ ಬಾರಿ ನಿರಾಳ ಕಂಡದ್ದೇ ಕರಡಿಯವರಿಗೆ ಸ್ವಲ್ಪ ಧೈರ್ಯ ಬಂತು.

“ಏನೇ ಹೇಳು, ನಾನು ಅಷ್ಟೆಲ್ಲ ಗೊರಕೆ ಹೊಡೆದ್ರೂ, ದಾರಿ ತಪ್ಪಿದ್ರೂ, ಬದಲಾಯಿಸೋ ಮನಸ್ಸಿಲ್ಲ ಅಂತ ನೀನೇ ಅಂದೆ. ರೆಕಾರ್ಡ್ ಆಗಿದೆ. ಅದೇ ನಿನ್ನ ಕೊನೇ ಮಾತು.”

“ಕೊನೇ ಮಾತು ಅಂತ ಯಾರು ಹೇಳಿದ್ದು? ತಂಗಿ ಯಾಕಕ್ಕಾ ಅಂತ ಕೇಳಿದ್ಲು. ಆಮೇಲೆ ಇನ್ನೂ ಕಾಲು ಗಂಟೆ ಮಾತಾಡಿದ್ದೀನಿ.”

ಕರಡಿಯವರ ಕೈಯ ಸೂಜಿ ಗುಂಡಿಯ ತೂತಿನ ಹತ್ತಿರವೇ ನಿಂತಿತು. “ಯಾಕೆ ಅನ್ನೋದಕ್ಕೆ ಏನಂದೆ?”

ಹೆಂಡತಿ ಹಲ್ಲಿನಿಂದ ದಾರ ಕಚ್ಚಿ ಹರಿದಳು.

“ಹತ್ತು ನಿಮಿಷಕ್ಕೆ ಸರಿಯಾಗಿ ನಿಲ್ಲಿಸಿದ್ರಲ್ಲ, ಅದು ನಿಮ್ಮ ಪುಣ್ಯ ರೀ.”